ಬೆರಳುಗಳ ಹಾಜರಿ

ಫೆಬ್ರವರಿ 9, ಭಾನುವಾರ

ಪ್ರೀತಿಯ ಬುಗುರಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದು ಹೋದ ವಾರವಷ್ಟೇ ಓದಿ ತಿಳಿದೆ. ಕಾಗದ ತಡವಾಯಿತು, ಕ್ಷಮಿಸು ಎಂದು ಶುರು ಮಾಡುವುದು ವಾಡಿಕೆ. ಇಪ್ಪತ್ತೆರಡು ವರ್ಷದ ತಡಕ್ಕೆ ಯಾರು ಯಾರ ಕ್ಷಮೆ ಕೇಳಬೇಕೋ ಆಮೇಲೆ ಕೂತು ಜಗಳವಾಡೋಣ. ವಿಳಾಸ ಕೊಡದೆ ಹೋದವನು ನೀನು, ಅಷ್ಟನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಈ ಕಾಗದ ನಿನ್ನ ಡಾಕ್ಟರ ಕೈಯಿಂದ ಬಂತೆಂದು ಗಾಬರಿಯಾಗಬೇಡ. ಅವರು ನಿನ್ನ ಗುಟ್ಟು ಬಿಟ್ಟುಕೊಟ್ಟಿಲ್ಲ, ನಾನೇ ಪತ್ತೆ ಹಚ್ಚಿದೆ. ಖುಷಿಯಲ್ಲಿ ಗೀಚುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು.

ಮೊದಲು ಮನೆಯ ಸುದ್ದಿ. ನನಗೆ ಮದುವೆಯಾಯಿತು. ನಿನ್ನ ಭಾವ ಲಿಫ್ಟ್ ರಿಪೇರಿ ಮಾಡುತ್ತಾರೆ. ಮಾತು ಕಡಿಮೆ, ಊಟ ಜಾಸ್ತಿ. ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವ ಕೆಲಸದಲ್ಲಿದ್ದೇನೆ. ಒಬ್ಬನೇ ಮಗ, ಹದಿನಾರು ವರ್ಷ, ನಿನ್ನ ಹಾಗೆಯೇ ನಿಂತಲ್ಲಿ ನಿಲ್ಲುವವನಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು, ಅಮ್ಮ ಹೋಗಿ ಮೂರು. ಒಂದೇ ಸಾಲಿನಲ್ಲಿ ಮುಗಿಸಿದಳಲ್ಲ ಎಂದು ಬೇಜಾರಾಗಬೇಡ. ಅದು ಎದುರುಬದುರು ಕೂತು ಆಡುವ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷದಿಂದ ಮಗ ಕೆಲವು ದಿನ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಹಟವಲ್ಲ. ಕಣ್ಣು ಬಿಟ್ಟಿರುತ್ತಾನೆ, ಮಾತಾಡುತ್ತಾನೆ, ಕಾಲು ಮಾತ್ರ ಬೇರೆ ಯಾರದೋ ಎಂಬಂತೆ ಬಿದ್ದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಾನೇ ಎದ್ದು ಓಡಾಡುತ್ತಾನೆ. ಮೊದಲ ಸಲ ನೋಡಿದಾಗಲೇ ನನಗೆ ನೀನು ನೆನಪಾದೆ. ಅಪ್ಪ ನಿನ್ನ ಮೇಲೆ ತಣ್ಣೀರು ಸುರಿದು "ನಾಟಕ ಸಾಕು, ಏಳೋ ಸೋಮಾರಿ" ಎನ್ನುತ್ತಿದ್ದದ್ದು, ನಾನು ನಿನ್ನ ಒದ್ದೆ ಅಂಗಿ ಬಿಚ್ಚಿ ಕಾಲು ತಿಕ್ಕುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿತು.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಷ್ಟರಲ್ಲಿ ಇವನು ಮೆಟ್ಟಿಲು ಹಾರಿಕೊಂಡು ನಮಗಿಂತ ಮುಂದಿರುತ್ತಿದ್ದ. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ. ಶಾಲೆ ಪರೀಕ್ಷೆಯ ಹೆದರಿಕೆ ಇರಬೇಕು ಎಂದರು ಒಬ್ಬ ಡಾಕ್ಟರು. ಶಾಲೆಯ ಆಟದ ಮೇಷ್ಟ್ರು "ಮೊಬೈಲ್ ಕಿತ್ತಿಡಿ, ತಾನಾಗಿ ಎದ್ದು ಕೂರ್ತಾನೆ" ಎಂದರು. ಒಂದು ದಿನ ಮಗನೇ ಕೇಳಿದ, "ಅಮ್ಮಾ, ನಾನು ನಿಜವಾಗ್ಲೂ ನಾಟಕ ಮಾಡ್ತಿದ್ದೀನಾ? ನಂಗೇ ಗೊತ್ತಾಗ್ತಿಲ್ಲ." ನಿನ್ನ ಹಾಗೆ ಇವನೂ ಒಂದು ದಿನ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟರೆ ಏನು ಗತಿ ಎಂದು ಹುಡುಕಲು ಕೂತೆ.

ಇಂಟರ್ನೆಟ್ಟಿನಲ್ಲಿ "ಮಗ ಬೆಳಿಗ್ಗೆ ಏಳುವುದಿಲ್ಲ" ಎಂದು ಬರೆದೆ. ಅಲಾರಂ ಗಡಿಯಾರದ ಜಾಹೀರಾತು ಬಂತು. ಅದರ ಹಿಂದೆಯೇ ಮಕ್ಕಳ ಸೋಮಾರಿತನ ಬಿಡಿಸುವ ಸೂತ್ರಗಳು. ಅಪ್ಪನೇ ಒಳಗೆ ಕೂತು ಉತ್ತರ ಕೊಡುತ್ತಿದ್ದಾರೇನೋ ಅನ್ನಿಸಿತು. "ಕಾಲಿಗೆ ಬಲ ಬರಲು" ಎಂದು ಬರೆದರೆ ವಿಡಿಯೊದಲ್ಲಿ ಒಬ್ಬ ಎಣ್ಣೆ ಮಾರುವವನು ತೊಡೆ ತಟ್ಟಿಕೊಂಡ. ಸುಳ್ಳೇಕೆ ಹೇಳಲಿ, ಎಣ್ಣೆ ತರಿಸಿದೆ. ಕಾಲು ಹಾಗೇ ಇತ್ತು, ಹಾಸಿಗೆ ಹಾಳಾಯಿತು. ಆ ಕಲೆ ನನ್ನ ಕೈಯಲ್ಲೂ ಹೋಗಲಿಲ್ಲ.

ಆಮೇಲೆ ಒಂದು ಬೇರಿನ ಪುಡಿಯಿಂದ ಸೋತ ಕಾಲಿಗೆ ಬಲ ಬಂತೆನ್ನುವ ಸಂಶೋಧನೆ ಸಿಕ್ಕಿತು. ಕುಣಿದಾಡುತ್ತ ಅದನ್ನು ಪ್ರಿಂಟ್ ಮಾಡಿಸಲು ಲೈಬ್ರರಿಗೆ ಓಡಿದೆ. ಅಲ್ಲಿಯ ಮೇಡಂ ಪೂರ್ತಿ ಓದಿ, ಕನ್ನಡಕ ಇಳಿಸಿ, "ಇದು ಇಲಿಗಳ ಮೇಲೆ ಮಾಡಿದ ಪ್ರಯೋಗ ಕಣ್ರೀ. ನಿಮ್ಮ ಮಗನಿಗೆ ಬಾಲ ಇದೆಯಾ?" ಎಂದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆವತ್ತಿನಿಂದ ಅವರು ನನ್ನ ಕೈಬಿಡಲಿಲ್ಲ.

"ಬರೆದೋರು ಯಾರು, ಯಾವಾಗ ಬರೆದ್ರು, ಕೊನೇಲಿ ಏನಾದ್ರೂ ಮಾರ್ತಾರಾ, ಎಷ್ಟು ಜನರನ್ನ ನೋಡಿ ಹೇಳ್ತಿದ್ದಾರೆ, ಇಷ್ಟು ಕೇಳದೆ ಏನನ್ನೂ ನಂಬಬೇಡಿ" ಎಂದರು. ನನ್ನ ತಲೆಗೆ ತಕ್ಷಣ ಹೋಯಿತು. ಕಲೆ ಯಾವುದರದು, ಯಾವತ್ತಿನದು ಎಂದು ಕೇಳದೆ ನಾನು ಯಾರ ಬಟ್ಟೆಗೂ ಕೈ ಹಚ್ಚುವುದಿಲ್ಲ. ಮತ್ತೆ ಅವರೆಂದರು, "ಏಳಲ್ಲ ಅಂತ ಹುಡುಕಬೇಡಿ. ಯಾವುದರ ಮಾರನೇ ದಿನ ಹಾಗಾಗುತ್ತೆ, ಯೋಚನೆ ಮಾಡಿ." ಯೋಚಿಸಿದೆ. ಮ್ಯಾಚ್ ಆಡಿ ಬಂದು, ಹೊಟ್ಟೆ ಬಿರಿಯುವಷ್ಟು ಉಂಡು, ಮೇಲೆ ಸಿಹಿ ತಿಂದು ಮಲಗಿದ ಮಾರನೆಯ ದಿನ. ಮೇಡಂ ಅಷ್ಟನ್ನೂ ವೈದ್ಯರ ಭಾಷೆಗೆ ತಿರುಗಿಸಿ, ವೈದ್ಯರೇ ಓದುವ ಪತ್ರಿಕೆಗಳಲ್ಲಿ ಹುಡುಕಿದರು.

ಸಿಕ್ಕೇಬಿಟ್ಟಿತು ಕಣೋ. ರಕ್ತದಲ್ಲಿ ಪೊಟ್ಯಾಸಿಯಂ ಇದ್ದಕ್ಕಿದ್ದಂತೆ ಇಳಿದು ಕಾಲು ಬಿದ್ದುಹೋಗುವ ಕಾಯಿಲೆ. ಅಪರೂಪದ್ದು, ಮನೆತನದಲ್ಲಿ ಹರಿದು ಬರುವಂಥದ್ದು, ಹೆಂಗಸರಲ್ಲಿ ಕಾಣಿಸಿಕೊಳ್ಳದೆಯೂ ಮಕ್ಕಳಿಗೆ ದಾಟಬಹುದಂತೆ. ಕಾಲಿಗೆ ಬಲ ಬಂದ ಮೇಲೆ ರಕ್ತ ತೆಗೆದರೆ ಏನೂ ಗೊತ್ತಾಗದಿರಬಹುದು, ಬಿದ್ದಿರುವಾಗಲೇ ತೆಗೆಯಬೇಕು ಎಂದು ಅದರಲ್ಲಿತ್ತು. ನಾನು ಲೈಬ್ರರಿಯಲ್ಲೇ ಕೂಗಿಬಿಟ್ಟೆ. ಪೇಪರ್ ಓದುತ್ತಿದ್ದ ಯಜಮಾನರೊಬ್ಬರು ಕೆಮ್ಮಿದರು.

ಮುಂದಿನ ಸಲ ಕಾಲು ಬಿದ್ದಾಗ ಮಗನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟೆವು. ಲಿಫ್ಟ್ ರಿಪೇರಿಯವರು ಇರುವ ನಮ್ಮ ಕಟ್ಟಡದಲ್ಲೇ ಅವತ್ತು ಲಿಫ್ಟ್ ಕೆಟ್ಟಿತ್ತು. ನಿನ್ನ ಭಾವ ಮೆಟ್ಟಿಲು ಇಳಿಯುವ ಉದ್ದಕ್ಕೂ ತಮ್ಮ ಕಂಪನಿಯನ್ನೇ ಬೈದರು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. "ಇದೇ ಕಾಯಿಲೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಇದನ್ನೊಂದು ಓದಿ" ಎಂದು ಪ್ರಿಂಟ್ ಕೊಟ್ಟೆ. ನಿಂತಲ್ಲೇ ಓದಿದರು. ತಿರುಗಿ ನರ್ಸಿಗೆ, "ಈಗಲೇ ರಕ್ತ ತೆಗೀರಿ. ಇಸಿಜಿನೂ ಮಾಡಿ" ಎಂದರು. ಪೊಟ್ಯಾಸಿಯಂ ಪಾತಾಳಕ್ಕಿಳಿದಿತ್ತು. ಜೀವನದಲ್ಲಿ ಒಂದು ಕೆಟ್ಟ ರಿಪೋರ್ಟ್ ನೋಡಿ ನಾನು ಅಷ್ಟು ಸಂತೋಷಪಟ್ಟಿದ್ದು ಅವತ್ತೇ. ಔಷಧಿ ಕೊಟ್ಟು, ಇವನ ಕಾಲಾಡುವವರೆಗೂ ಹೃದಯದ ಮಾನಿಟರ್ ನೋಡುತ್ತಲೇ ಇದ್ದರು. "ಪೊಟ್ಯಾಸಿಯಂ ಜಾಸ್ತಿಯಾದ್ರೂ ಹೃದಯಕ್ಕೆ ಅಪಾಯ. ನೀವೇ ಓದಿ ನೀವೇ ಕೊಡೋಕೆ ಹೋಗಬೇಡಿ" ಎಂದು ನನಗೆ ತಾಕೀತು ಮಾಡಿದರು. ಮಗ ಕೇಳಿದ್ದು ಒಂದೇ ಮಾತು, "ಹಾಗಾದ್ರೆ ನಾನು ಸೋಮಾರಿ ಅಲ್ವಾ ಡಾಕ್ಟರ್?" ಅವರು ಅವನ ತಲೆ ಸವರಿ, "ಅಲ್ಲಪ್ಪಾ" ಎಂದರು. ನಿನ್ನ ಭಾವ ಕಿಟಕಿಯ ಕಡೆ ತಿರುಗಿಕೊಂಡರು.

ಮಾತ್ರೆ, ಊಟದ ಪಥ್ಯ ಎರಡೂ ನಡೆದಿವೆ. ಈಗ ಇವನು ಬೆಳಿಗ್ಗೆ ನನಗಿಂತ ಮೊದಲು ಎದ್ದು ಬಚ್ಚಲುಮನೆ ಹಿಡಿದು ಕೂರುತ್ತಾನೆ. ಬೈಯುವುದಕ್ಕೂ ಖುಷಿಯಾಗುತ್ತದೆ.

ಮನೆತನದ ಕಾಯಿಲೆ ಎಂದ ಮೇಲೆ ನೀನು ತಲೆಯಿಂದ ಇಳಿಯಲಿಲ್ಲ. ಎಲ್ಲಿದ್ದೀಯೋ, ಯಾರು ನೀರು ಸುರಿಯುತ್ತಿದ್ದಾರೋ. ಹೋದ ವಾರ ಲೈಬ್ರರಿಗೆ ಹೋಗಿ, ಈ ಕಾಯಿಲೆಯವರ ಬಗ್ಗೆ ಡಾಕ್ಟರುಗಳು ಬರೆದ ವರದಿಗಳನ್ನೆಲ್ಲ ಒಂದೊಂದಾಗಿ ಮೇಡಂ ಕೈಯಲ್ಲಿ ಓದಿಸಿದೆ. ಒಂದರಲ್ಲಿ ಲೇತ್ ಮೆಷಿನ್ ಕೆಲಸದವನೊಬ್ಬನ ಕಥೆ. ಹೆಸರಿಲ್ಲ, ನಿನ್ನದೇ ವಯಸ್ಸು. ಮೇಡಂ ಓದುತ್ತಾ ನಕ್ಕರು. "ನೋಡಿ, ಈ ರೋಗಿ ಎದ್ದ ಕೂಡಲೇ ಕಾಲ್ಬೆರಳುಗಳಿಗೆ ಹಾಜರಿ ಕೂಗ್ತಾನಂತೆ. ಚಿಕ್ಕಂದಿನ ಅಭ್ಯಾಸವಂತೆ. ಹೆಬ್ಬೆರಳಿಗೆ ಹೆಡ್‌ಮಾಸ್ಟರ್ ಅಂತ ಹೆಸರಂತೆ." ಕಿರುಬೆರಳಿನ ಹೆಸರು ಜವಾನ ಎಂದು ನಾನೇ ಹೇಳಿದೆ. ಅವರು ಕೆಳಗಿನ ಸಾಲು ನೋಡಿ ನನ್ನ ಮುಖ ನೋಡಿದರು. ಆ ಹೆಸರುಗಳನ್ನು ಇಟ್ಟವಳು ನಾನಲ್ಲವೇನೋ? ನಿನ್ನ ಹಾಸಿಗೆಯ ತುದಿಯಲ್ಲಿ ಕೂತು ಹಾಜರಿ ಕೂಗಿ, ಅಲುಗಾಡಿದ ಬೆರಳಿಗೆ ಶಹಬ್ಬಾಸ್ ಅನ್ನುತ್ತಿದ್ದವಳು?

ರೋಗಿ ಈಗ ಪೂರ್ತಿ ಕೆಲಸ ಮಾಡುತ್ತಾನೆ, ಸಂಜೆ ಸೈಕಲ್ ಹೊಡೆಯುತ್ತಾನೆ ಎಂದು ಕೊನೆಯಲ್ಲಿತ್ತು. ಆ ಸಾಲನ್ನು ಮತ್ತೆ ಮತ್ತೆ ಓದಿಸಿದೆ. ಮೇಡಂ ಬೇಸರಿಸಲಿಲ್ಲ. ವರದಿ ಬರೆದ ಡಾಕ್ಟರಿಗೆ ಇಮೇಲ್ ಹಾಕಿದೆವು. ರೋಗಿ ಯಾರೆಂದು ಹೇಳುವಂತಿಲ್ಲ, ಕಾಗದ ಬರೆದರೆ ಮುಟ್ಟಿಸಬಲ್ಲೆ ಎಂದರು. ಬರೆದಿದ್ದೇನೆ. ನಿನ್ನ ಸೋದರಳಿಯ ಪಕ್ಕದಲ್ಲೇ ನಿಂತು "ಮಾವನಿಗೆ ಯಾವ ಮಾತ್ರೆ ಕೊಡ್ತಾರೆ ಕೇಳಮ್ಮಾ, ನಂದು ಸಿಕ್ಕಾಪಟ್ಟೆ ಕಹಿ" ಎನ್ನುತ್ತಿದ್ದಾನೆ.

ನಿನ್ನ ಕಾಲುಗಳು ನೂರು ವರ್ಷ ನೀನು ಹೇಳಿದಂತೆ ಕೇಳಲಿ. ಮನೆಯವರಿದ್ದರೆ ಅವರಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು, ಜಾಸ್ತಿ ಉಣ್ಣಬೇಡ.

ಇಂತು,
ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಅದೇ ವರದಿಯಲ್ಲಿ ಕುಟುಂಬದ ವಿವರವೂ ಇದೆ. ಮೇಡಂ ಆ ಸಾಲನ್ನು ಮೆಲ್ಲಗೆ ಓದಿದರು: "ಒಡಹುಟ್ಟಿದವರು ಯಾರೂ ಇಲ್ಲ ಎಂದು ರೋಗಿ ತಿಳಿಸಿದ್ದಾನೆ." ಅದನ್ನು ನಂಬಿ ಡಾಕ್ಟರು, ಈ ಕಾಯಿಲೆ ಇವನೊಬ್ಬನಲ್ಲೇ ಹುಟ್ಟಿಕೊಂಡಿರಬೇಕು ಎಂದು ಬರೆದಿದ್ದಾರೆ. ವರದಿಯಲ್ಲಿ ತಪ್ಪಿದ್ದರೆ ಏನು ಮಾಡುತ್ತೀರಿ ಎಂದು ಆ ಡಾಕ್ಟರನ್ನೇ ಇಮೇಲಿನಲ್ಲಿ ಕೇಳಿದೆ. ತಿದ್ದುಪಡಿ ಹಾಕುತ್ತಾರಂತೆ, ಆದರೆ ಬೇರೆಯವರು ಹೇಳಿದರೆ ಸಾಲದಂತೆ, ರೋಗಿಯೇ ಹೇಳಬೇಕಂತೆ. ಹೇಳುತ್ತೀಯೇನೋ, ಒಬ್ಬಳು ಅಕ್ಕ ಇದ್ದಾಳೆ ಅಂತ?