ಪ್ರಶ್ನೆ ವೀಕ್ಷಾಳಿಗೆ, ಉತ್ತರ ನನ್ನದು

ಪಲ್ಲಾವರಂ, ಚೆನ್ನೈ
ಭಾನುವಾರ, ೧೪ ಜುಲೈ ೨೦೨೪

ಪ್ರೀತಿಯ ಮೊಮ್ಮಗ ಅಭಿಲಾಷನಿಗೆ,

ಹೊಟ್ಟೆ ಸರಿಹೋಯಿತೇನಪ್ಪ? ಆ ಗೋರಖಪುರದ ರೈಲ್ವೆ ಟ್ರೈನಿಂಗಿನಲ್ಲಿ ಮೂರು ಹೊತ್ತೂ ಪೂರಿ ತಿನ್ನಿಸಿದರೆ ಯಾರ ಹೊಟ್ಟೆ ತಡೆದೀತು? ಮಜ್ಜಿಗೆ ಕುಡಿ. ನನ್ನ ಮಂಡಿನೋವು ಎಂದಿನಂತೇ ಇದೆ. ನಿನ್ನ ಮಗಳು ಹಾಲು ಕುಡಿದು ಮಲಗುತ್ತಾಳೆ, ನಿನ್ನ ಹಾಗೇ ಸೋಮಾರಿ. ಮುದುಕಿ ಫೋನು ಬಿಟ್ಟು ಕಾಗದ ಹಿಡಿದಳು ಅಂತ ನಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕಿ "ಎಲ್ಲಾ ಸರಿಹೋಗುತ್ತಜ್ಜಿ" ಅಂದುಬಿಡುತ್ತೀಯ.

ಬಾಣಂತಿಯರನ್ನು ನೋಡಲು ಮನೆಮನೆಗೆ ಬರುವ ನರ್ಸಮ್ಮ ಶುಕ್ರವಾರ ಮತ್ತೆ ಬಂದಿದ್ದಳು. ಕಳೆದ ಸಲ ಅವಳು ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ನಿನ್ನ ಹೆಂಡತಿಯ ಪರವಾಗಿ ನಾನೇ ಉತ್ತರ ಕೊಟ್ಟಿದ್ದೆ. ವೀಕ್ಷಾಳಿಗೆ ತಮಿಳು ಬಾರದು, ನನಗೆ ಸಂತೆಯಲ್ಲಿ ಸೊಪ್ಪು ಕೊಳ್ಳುವಷ್ಟಾದರೂ ಬರುತ್ತದೆ. ಊಟ? "ನಲ್ಲಾ," ಚೆನ್ನಾಗಿದೆ ಅಂತ. ನಿದ್ದೆ? "ನಲ್ಲಾ." ಮನಸ್ಸು? ಅದಕ್ಕೂ "ನಲ್ಲಾ." ಹಸಿ ಬಾಣಂತಿಯ ಮನಸ್ಸಿನ ಸಮಾಚಾರ ಕೇಳುವುದು ಯಾವ ಊರ ಪದ್ಧತಿಯೋ ಅಂದುಕೊಂಡಿದ್ದೆ. ಈ ಸಲ ಅವಳು ಶಾಲಿನಿ ಅಂತ ವಡಪಳನಿಯ ಕನ್ನಡದ ಹುಡುಗಿಯನ್ನು ಜೊತೆಗೆ ಕರೆತಂದಳು. "ಅಜ್ಜಿ, ಪ್ರಶ್ನೆ ನಿಮಗಲ್ಲ, ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಅಂದಳು ಆ ಹುಡುಗಿ. "ಬಾಣಂತಿ ಪಕ್ಕದಿಂದ ಅಜ್ಜೀನ ಓಡಿಸಿದೋರು ನೀವೇ ಮೊದಲು ಕಣಮ್ಮ" ಅಂತ ಬೈದು, ಮಗುವನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತೆ.

ವಿಮಾನವೊಂದು ತಲೆಯ ಮೇಲೇ ಹೋಯಿತು. ಅದರ ಸದ್ದು ಅಡಗಿದಾಗ ಒಳಗೆ ವೀಕ್ಷಾ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಇಷ್ಟು ದಿನ ಅವಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು ನಾನು, ಸೊಂಟಕ್ಕೆ ಬಟ್ಟೆ ಬಿಗಿದವಳು ನಾನು, ಮೆಣಸಿನ ಸಾರು ಉಣ್ಣಿಸಿದವಳು ನಾನು. ಗುರುತಿಲ್ಲದ ಈ ಊರಲ್ಲಿ ನಾನೊಬ್ಬಳೇ ಒಂಟಿ ಅಂದುಕೊಂಡಿದ್ದೆ. ನನ್ನ ಪಕ್ಕದ ಚಾಪೆಯಲ್ಲೇ ಅವಳೂ ಒಂಟಿಯಾಗಿಯೇ ಮಲಗಿದ್ದಳು.

ಅವರು ಹೋದ ಮೇಲೆ ಅವಳೇ ಹೇಳಿದಳು: "ಅಜ್ಜಿ, ಮಗು ಅತ್ತರೆ ಬೇರೆ ಯಾರದೋ ಮನೇಲಿ ಅಳ್ತಿರೋ ಹಾಗೆ ಕೇಳ್ಸುತ್ತೆ." ನೀನು ವಿಡಿಯೊದಲ್ಲಿ ನೋಡುವ ನಗು, ಫೋನಿಟ್ಟ ಮೇಲೆ ಉಳಿಯುವುದಿಲ್ಲ ಕಣೋ. ಹೆರಿಗೆಯಾದ ಎಷ್ಟೋ ಹೆಣ್ಣುಮಕ್ಕಳಿಗೆ ಮನಸ್ಸಿನ ಈ ಕಾಯಿಲೆ ಬರುತ್ತದಂತೆ, ಔಷಧಿ ಮಾಡಿದರೆ ವಾಸಿಯಾಗುತ್ತದಂತೆ. ದೃಷ್ಟಿ ತೆಗೆದರೆ ಹೋಗುವಂಥದ್ದಲ್ಲ. ನಾನು ತೆಗೆದೂ ನೋಡಿದೆ.

ದೇವರು ನಿನಗೆ ಆಯಸ್ಸು ಕೊಡಲಿ, ಅದರ ಜೊತೆಗೆ ಚೂರು ಬುದ್ಧಿಯನ್ನೂ ಕೊಡಲಿ.

ನಿನ್ನ ಅಜ್ಜಿ
ಸಣ್ಣಮ್ಮ

ಇನ್ನೊಂದು: "ಬೆಳಗ್ಗೆ ಏಳದೇ ಇದ್ದರೇ ಚೆನ್ನ ಅನ್ಸುತ್ತೆ" ಅಂತಲೂ ನರ್ಸಮ್ಮನ ಹತ್ತಿರ ಹೇಳಿದ್ದಾಳೆ. ನಿನ್ನೆಯೇ ಡಾಕ್ಟರಿಗೆ ತೋರಿಸಿದೆವು. ಗುಳಿಗೆ ಕೊಟ್ಟಿದ್ದಾರೆ, ಒಬ್ಬಳನ್ನೇ ಬಿಡಬೇಡಿ, ಗಂಡನನ್ನು ಕರೆಸಿ ಅಂದರು. ಇದನ್ನೆಲ್ಲ ಅವಳನ್ನು ಕೇಳಿಯೇ ಬರೆದಿದ್ದೇನೆ. ಇವತ್ತು ಮತ್ತೆ ನೋಡಲು ಬಂದಿರುವ ಶಾಲಿನಿ ಈ ಕಾಗದದ ಫೋಟೊ ತೆಗೆದು ಈಗಲೇ ನಿನ್ನ ಫೋನಿಗೆ ಕಳಿಸುತ್ತಾಳೆ. ಟ್ರೈನಿಂಗು ಹಾಳಾಗಿ ಹೋಗಲಿ, ಹೊರಡು. ಬಂದವನು ಮೊದಲು ಮಗುವನ್ನು ಎತ್ತಿಕೊಳ್ಳಬೇಡ. ಅವಳ ಪಕ್ಕ ಕೂರು.