ಬೆಲೆಯಿಲ್ಲದ್ದನ್ನು ಕಳಿಸಬಹುದಂತೆ

ಮಾರ್ಚ್ ೯, ಸೋಮವಾರ

ನನ್ನ ನಿದ್ದೆಬುರುಕ ಗಂಡನಿಗೆ,

ಸಾವಿರ ಮುತ್ತು! ಸಾಲದಿದ್ದರೆ ಬಂದು ವಸೂಲಿ ಮಾಡಿಕೋ. ಮೂರು ವಾರ ಕಾಗದವಿಲ್ಲವೆಂದು ಮುನಿಸೇ? ಆರು ಬರೆದೆ, ಆರನ್ನೂ ಹರಿದೆ ಕಣೋ. ಕ್ಷಮಿಸು.

ಮದುವೆಯಾದ ಹನ್ನೊಂದನೇ ದಿನ ಕಡಲಾಚೆಯ ಬಂದರಿನ ಕೆಲಸಕ್ಕೆ ಹೊರಟವನು, ತಿಂಗಳಲ್ಲಿ ಬಂದು ಕರೆದೊಯ್ಯುತ್ತೇನೆ ಅಂದಿದ್ದೆ. ಅಷ್ಟರಲ್ಲಿ, ಭಯೋತ್ಪಾದಕರಿಗೆ ಹಣ ಕೊಟ್ಟ ಅನುಮಾನಿತರ ಪಟ್ಟಿಯಲ್ಲಿ ನಿನ್ನ ಹೆಸರು! ಜಿರಳೆ ಕಂಡರೆ ಮಂಚ ಹತ್ತುವ ನೀನು! ಖಾತೆ ಫ್ರೀಜ್, ಸಂಬಳ ಫ್ರೀಜ್. ಟಿಕೆಟ್ ಯಾವ ದುಡ್ಡಿನಿಂದ ಕೊಳ್ಳುತ್ತೀಯ?

ನಿನ್ನ ನೀಲಿ ಸ್ವೆಟರ್ ಹೆಣೆದು ಮುಗಿಸಿದೆ. ಅಂಚೆಗೆ ಹಾಕುವ ಮುನ್ನ ವಕೀಲಮ್ಮನನ್ನು ಕೇಳಿದೆ.

"ಬೇಡಮ್ಮ. ಪಟ್ಟೀಲಿರೋರಿಗೆ ಬೆಲೆ ಇರೋದು ಏನು ಕೊಟ್ರೂ ಅಪರಾಧ."

"ಕಾಗದ?"

"ಕಾಗದಕ್ಕೇನು ಬೆಲೆ? ಬರಿ."

ಕೋಪವೂ ಬಂತು, ಕುಣಿಯುವಂತೆಯೂ ಆಯಿತು.

ಅವರ ಫೀಸಿಗೂ ನಿನ್ನ ಖಾತೆ ಮುಚ್ಚಿದ ಕಚೇರಿಯೇ ಅನುಮತಿ ಕೊಡಬೇಕಂತೆ. ಕಡತ ಕೇಳಿದರೆ ಗುಟ್ಟು ಎಂದರಂತೆ. ಸಿಕ್ಕಿದ್ದು ಒಂದೇ ಸಾಲು: ಅನುಮಾನದ ಸಂಸ್ಥೆಯೊಂದಕ್ಕೆ ದೇಣಿಗೆ. "ಬಾಂಬಿಗೆ ಹೋಗೋ ದುಡ್ಡು ತಡೀಲೇಬೇಕು, ನಾನೂ ಮಕ್ಕಳ ತಾಯೀನೇ. ಆದ್ರೆ ಪ್ರಶ್ನೆ ಮುಚ್ಚಿಟ್ಟು ಉತ್ತರ ಕೇಳಿದ್ರೆ ಹ್ಯಾಗೆ?" ಎಂದು ವಕೀಲಮ್ಮ ಮೇಜು ಕುಟ್ಟಿದರು. ನಾನು ನೆಲ ನೋಡಿದೆ.

ನಿನ್ನ ದಿಂಬಿನ ಹೊದಿಕೆ ಒಗೆಯಲು ಬಿಟ್ಟಿಲ್ಲ. "ಎರಡು ತಿಂಗಳಾಯ್ತಲ್ಲೇ ಹುಚ್ಚಿ, ನಾರ್ತಿದೆ," ಅನ್ನುತ್ತಾರೆ ಅತ್ತೆ. ನಾರಲಿ ಅಂದೆ. ನಕ್ಕರು, ಆಮೇಲೆ ಮುಖ ತಿರುಗಿಸಿಕೊಂಡರು. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ನೂರು ಕಾಲ ಬಾಳಬೇಕಂತೆ ನೀನು. ನನ್ನ ಜೊತೆಯಲ್ಲೇ ಎಂದು ನಾನು ಸೇರಿಸಿದೆ.

ನಿನ್ನವಳೇ,
ಬಾಯಿಬಡುಕಿ

ಮತ್ತೆ: ಹರಿದ ಆರರಲ್ಲೂ ಇದೇ ಇತ್ತು. ಮದುವೆಯ ಉಡುಗೊರೆ ಹಣದಲ್ಲಿ ಅನಾಥ ಮಕ್ಕಳ ಶಾಲೆಯೊಂದಕ್ಕೆ ನಿನ್ನ ಹೆಸರಿನಲ್ಲಿ ದೇಣಿಗೆ ಕಟ್ಟಿದವಳು ನಾನು. ಮೊದಲ ವಾರ್ಷಿಕೋತ್ಸವದ ಸರ್‌ಪ್ರೈಸ್ ಎಂದು ರಸೀದಿ ಬಚ್ಚಿಟ್ಟಿದ್ದೆ. ಆ ಶಾಲೆ ಬರೀ ಮುಖವಾಡವಂತೆ. "ನಾನು ಕೊಟ್ಟಿಲ್ಲ" ಎಂದು ನೀನು ಹೇಳಿದ್ದು ನಿಜ. ಕಚೇರಿಯವರು ನಂಬಲಿಲ್ಲ, ನಾನು ಸುಮ್ಮನಿದ್ದೆ. ಇವತ್ತು ರಸೀದಿಯನ್ನೂ ನನ್ನ ಹೇಳಿಕೆಯನ್ನೂ ವಕೀಲಮ್ಮನಿಗೆ ಕೊಟ್ಟೆ. "ನಿನ್ನ ಹೆಸರೂ ಪಟ್ಟಿಗೆ ಸೇರಬಹುದು" ಎಂದರು. ಸೇರಲಿ, ಮದುವೆಯ ಕರೆಯೋಲೆಯ ನಂತರ ನಮ್ಮಿಬ್ಬರ ಹೆಸರು ಎಲ್ಲೂ ಜೊತೆಗೆ ಅಚ್ಚಾಗಿಲ್ಲ. ನೀನು ಮಾತ್ರ ಸುಮ್ಮನಿರಬೇಡ. ಬೈದು ಬರಿ. ಬೈಗುಳಕ್ಕೂ ಬೆಲೆಯಿಲ್ಲ, ಕಳಿಸಬಹುದು.