ಕಾಲಿಗೆ ಕಟ್ಟಿದ ಎರಡನೆಯ ಪಿಸ್ತೂಲು

ಹನ್ನೊಂದನೆಯ ತಾರೀಖು, ಮಂಗಳವಾರ

ಈ ಕೈ ನನಗೆ ದ್ರೋಹ ಬಗೆಯಿತು! ರಂಗದ ಮೇಲೆ ರಾಜನಾಗಿ ಖಡ್ಗ ಝಳಪಿಸಿದ ಕೈ, ಪೊಲೀಸನಾಗಿ ಇಪ್ಪತ್ತಾರು ವರ್ಷ ನಡುಗದ ಕೈ, ಇಂದು ಗುರಿಯ ಪರೀಕ್ಷೆಯಲ್ಲಿ ನಡುಗಿತು. ಸೊಂಟದ ಪಿಸ್ತೂಲಿನಲ್ಲಿ ಹೇಗೋ ಪಾಸಾದೆ. ಕಾಲಿಗೆ ಕಟ್ಟಿಕೊಳ್ಳುವ ಚಿಕ್ಕದರಲ್ಲಿ ಒಂದೇ ಒಂದು ಗುಂಡಿನಿಂದ ಫೇಲ್. ಫೇಲಾದವರು ಅದನ್ನು ಅಂದೇ ಒಪ್ಪಿಸಬೇಕು.

ಪರೀಕ್ಷೆ ಮಾಡಿದವನು ನನ್ನ ಹಳೆಯ ಜೊತೆಗಾರ. ಹಿಂದೊಮ್ಮೆ ಕತ್ತಲ ಮೆಟ್ಟಿಲ ಮೇಲೆ ಅವನ ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡಾಗ ನನ್ನ ಕಾಲಿನದನ್ನೇ ಬಿಚ್ಚಿ ಅವನ ಕೈಗಿತ್ತಿದ್ದೆ.

"ಅಣ್ಣಾ, ಆ ಗುಂಡು ಗುರಿಯ ಗೆರೆಗೆ ತಾಗಿದೆ. ಒಳಗೇ ಅಂತ ಬರೀತೀನಿ ಬಿಡಿ."

"ಗೆರೆಗೂ ತೂತಿಗೂ ನಡುವೆ ಎತ್ತಿನಗಾಡಿ ಹೋಗತ್ತೆ. ಮೊದಲು ನಿನ್ನ ಕಣ್ಣು ತೋರಿಸ್ಕೋ ಹೋಗು."

ಅವನು ನಗಲಿಲ್ಲ. "ಅವತ್ತು ನೀವು ಇದನ್ನ ಕೊಡದಿದ್ರೆ ನಾನು ಇರ್ತಿದ್ನಾ?"

"ಅದಕ್ಕೇ ಕಣೋ! ನಾಳೆ ಇನ್ಯಾರೋ ಈ ಕೈನ ನಂಬಿ ನನ್ನ ಪಕ್ಕ ನಿಂತಿರ್ತಾನೆ. ಫೇಲ್ ಅಂತ ಬರಿ."

ಇಡೀ ಅಂಗಳಕ್ಕೆ ಕೇಳುವಂತೆ ಗುಡುಗಿದೆ. ಅವನು ಬರೆದ. ನಾನು ಕಾಲಿನ ಪಟ್ಟಿ ಬಿಚ್ಚಿ, ಪಿಸ್ತೂಲಿನ ಸಮೇತ ಅವನ ಮುಂದಿಟ್ಟೆ.

ಹೆಂಡತಿಗೆ ಇನ್ನೂ ಹೇಳಿಲ್ಲ. ಆದರೆ ಈಗ ಮಲಗುವ ಮುನ್ನ ಮಂಚದಂಚಿಗೆ ಕುಳಿತು, ದಿನದಂತೆ ಪಟ್ಟಿ ಬಿಚ್ಚಲು ಬಗ್ಗಿದೆ. ಬರಿಗಾಲು. ಅವಳು ನೋಡಿದಳು. ಪಟ್ಟಿ ಉಜ್ಜಿ ಉಜ್ಜಿ ಕೂದಲುದುರಿದ ಆ ಜಾಗಕ್ಕೆ ಎಣ್ಣೆ ಹಚ್ಚುತ್ತಾ ಕುಳಿತಿದ್ದಾಳೆ. ರಾಜ ಕಾಲು ಚಾಚಿಕೊಂಡು ಇದನ್ನು ಬರೆಯುತ್ತಿದ್ದಾನೆ.